ಓಡದೇ ಆಟ ಓಡಿಸಿದವನು: ಪಿರ್ಲೋ ಬಂದ ಮೇಲೆ ಯುವೆಂಟಸ್‌ಗೆ ಏನಾಯ್ತು?

2011ರ ಬೇಸಿಗೆಯಲ್ಲಿ ಇಟಲಿಯ ಎ.ಸಿ. ಮಿಲಾನ್ ಕ್ಲಬ್ ತನ್ನ ಒಬ್ಬ ಮಿಡ್‌ಫೀಲ್ಡರ್‌ನನ್ನು ಬಿಟ್ಟುಕೊಟ್ಟಿತು. ಮಾರಿದ್ದಲ್ಲ, ಕಾಂಟ್ರ್ಯಾಕ್ಟ್ ಮುಗಿದಿತ್ತು, ಹೋಗು ಅಂತ ಬಿಟ್ಟಿದ್ದು. ಹತ್ತು ವರ್ಷ ಅಲ್ಲಿ ಆಡಿದ್ದ, ಎರಡು ಸಲ ಚಾಂಪಿಯನ್ಸ್ ಲೀಗ್ ಗೆದ್ದಿದ್ದ, ಆದರೆ ವಯಸ್ಸು 32 ಆಗಿತ್ತು. ಹೊರಡುವಾಗ ಕ್ಲಬ್ಬಿನಿಂದ ಒಂದು ಪೆನ್ನು ಉಡುಗೊರೆಯಾಗಿ ಸಿಕ್ಕಿತು ಅಂತ ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಆಟಗಾರ ಆಂದ್ರೆಯಾ ಪಿರ್ಲೋ.

ಯುವೆಂಟಸ್ ಒಂದು ಯೂರೋ ಟ್ರಾನ್ಸ್‌ಫರ್ ಫೀಸ್ ಕೂಡ ಕೊಡದೆ ಅವನನ್ನು ಕರೆದುಕೊಂಡಿತು. ಅದರ ಹಿಂದಿನ ಎರಡು ಸೀಸನ್‌ಗಳಲ್ಲೂ ಯುವೆಂಟಸ್ ಲೀಗಿನಲ್ಲಿ ಬಂದದ್ದು ಏಳನೇ ಸ್ಥಾನಕ್ಕೆ. ಪಿರ್ಲೋ ಬಂದ ವರ್ಷ ಅದೇ ಟೀಮ್ 38 ಪಂದ್ಯ ಆಡಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು.

ಈಗ ಈ ಆಟಗಾರನ ಬಯೋಡೇಟಾ ನೋಡಿ. ವೇಗ ಇಲ್ಲ. ಎತ್ತರ ಇಲ್ಲ. ಜೋರಾದ ಟ್ಯಾಕಲ್ ಇಲ್ಲ. ಆ ಸೀಸನ್ನಿನಲ್ಲಿ ಲೀಗಿನಲ್ಲಿ ಹೊಡೆದ ಗೋಲು ಬರೀ ಮೂರು. ನಮ್ಮ ಗ್ರೌಂಡಿನಲ್ಲಿ ಸಂಜೆ ಟೀಮ್ ಮಾಡುವಾಗ ಇಂಥವನು ಬಂದು ನಿಂತರೆ ಬಹುಶಃ ಕೊನೆಯಲ್ಲೇ ಆರಿಸ್ತೀವಿ. ಹಾಗಾದರೆ ಅವನು ಮಾಡಿದ್ದಾದರೂ ಏನು? ಈ ಲೇಖನ ಅದರ ಬಗ್ಗೆ. ಫುಟ್‌ಬಾಲ್ ಅಷ್ಟಾಗಿ ನೋಡದವರೂ ಓದಬಹುದು, ಆಫ್‌ಸೈಡ್ ಅಂದರೆ ಏನು ಅಂತ ಗೊತ್ತಿದ್ದರೆ ಸಾಕು.

ಏಳನೇ ಸ್ಥಾನದ ಟೀಮ್

ಯುವೆಂಟಸ್ ಅಂದರೆ ಇಟಲಿಯಲ್ಲಿ ದೊಡ್ಡ ಮನೆತನ. ಆದರೆ 2006ರಲ್ಲಿ ರೆಫರಿ ನೇಮಕದ ಹಗರಣದಲ್ಲಿ ಸಿಕ್ಕಿಬಿದ್ದು ಎರಡನೇ ದರ್ಜೆಗೆ ಇಳಿಯಿತು. ಒಂದೇ ವರ್ಷದಲ್ಲಿ ವಾಪಸ್ ಬಂತು, ಆದರೆ ಹಳೆಯ ಗತ್ತು ಬರಲಿಲ್ಲ. 2010-11ರ ಸೀಸನ್ನಿನಲ್ಲಿ 58 ಪಾಯಿಂಟ್ ಗಳಿಸಿತು, 47 ಗೋಲು ಬಿಟ್ಟುಕೊಟ್ಟಿತು. ಆ ಟೀಮಿನಲ್ಲಿ ಒಳ್ಳೆಯ ಆಟಗಾರರು ಇರಲಿಲ್ಲ ಅಂತಲ್ಲ. ಬುಫೋನ್, ಕಿಯೆಲ್ಲಿನಿ, ಬೊನುಚ್ಚಿ, ಮಾರ್ಕಿಸಿಯೋ ಎಲ್ಲರೂ ಇದ್ದರು. ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಿತ್ತು. ಡಿಫೆನ್ಸಿನಿಂದ ಫಾರ್ವರ್ಡ್‌ವರೆಗೆ ಚೆಂಡನ್ನು ಅಚ್ಚುಕಟ್ಟಾಗಿ ಮುಟ್ಟಿಸುವವರೇ ಇರಲಿಲ್ಲ.

2011ರಲ್ಲಿ ಮೂರು ಸಂಗತಿ ಒಟ್ಟಿಗೆ ಆದವು. ಕ್ಲಬ್ಬಿನ ಹಳೆಯ ಆಟಗಾರ ಆಂತೋನಿಯೋ ಕೊಂತೆ ಕೋಚ್ ಆಗಿ ಬಂದ. ಟ್ಯೂರಿನ್ ನಗರದಲ್ಲಿ ಹೊಸ ಸ್ಟೇಡಿಯಂ ತೆರೆಯಿತು. ಮಿಲಾನ್‌ನಿಂದ ಪಿರ್ಲೋ, ಲಾಝಿಯೋದಿಂದ ಲಿಕ್ಟ್‌ಸ್ಟೈನರ್, ಜರ್ಮನಿಯ ಲೆವರ್‌ಕುಸೆನ್‌ನಿಂದ ವಿದಾಲ್, ರೋಮಾದಿಂದ ವುಚಿನಿಚ್ ಬಂದರು. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಗೆಲುವಿನ ಪೂರ್ತಿ ಕ್ರೆಡಿಟ್ ಒಬ್ಬನಿಗೆ ಕೊಡೋದು ಸರಿಯಲ್ಲ. ಆದರೆ ಇವರೆಲ್ಲರನ್ನೂ ಒಂದೇ ಸರ್ಕ್ಯೂಟಿಗೆ ಸೇರಿಸಿದ ವೈರಿಂಗ್ ಮಾತ್ರ ಪಿರ್ಲೋನ ಪಾಸ್‌ಗಳೇ.

ಜಾಗ ಇಲ್ಲ ಅಂತ ಹಿಂದೆ ಹೋದವನು

ಪಿರ್ಲೋ ಹುಟ್ಟಿದ್ದು 1979ರಲ್ಲಿ, ಬ್ರೆಶಿಯಾ ಊರಿನ ಪಕ್ಕದ ಫ್ಲೇರೋದಲ್ಲಿ. ಶುರುವಿನಲ್ಲಿ ಅವನು ಆಡ್ತಾ ಇದ್ದದ್ದು ಸ್ಟ್ರೈಕರ್‌ಗಳ ಬೆನ್ನ ಹಿಂದೆ, ಅಂದರೆ ಹತ್ತನೇ ನಂಬರಿನ ಜಾಗದಲ್ಲಿ. ಇಂಟರ್ ಮಿಲಾನ್ ಅವನನ್ನು ಕೊಂಡುಕೊಂಡಿತು, ಆದರೆ ಅಲ್ಲಿ ಅವನಿಗೆ ನೆಲೆ ಸಿಗಲಿಲ್ಲ. 2001ರಲ್ಲಿ ಲೋನ್ ಮೇಲೆ ಮತ್ತೆ ತವರು ಕ್ಲಬ್ ಬ್ರೆಶಿಯಾಗೆ ಬಂದ. ಅಲ್ಲಿ ನೋಡಿದರೆ ಹತ್ತನೇ ನಂಬರಿನ ಜಾಗದಲ್ಲಿ ರೊಬೆರ್ತೋ ಬಾಜ್ಜೋ ಇದ್ದ. ಬಾಜ್ಜೋನನ್ನು ಪಕ್ಕಕ್ಕೆ ಸರಿಸುವ ಮಾತೇ ಇಲ್ಲ. ಕೋಚ್ ಕಾರ್ಲೋ ಮಾತ್ಸೋನೆ ಪಿರ್ಲೋನನ್ನು ಇಪ್ಪತ್ತು, ಮೂವತ್ತು ಮೀಟರ್ ಹಿಂದಕ್ಕೆ ಕಳಿಸಿದ, ಡಿಫೆಂಡರ್‌ಗಳ ಮುಂದೆಯೇ ನಿಲ್ಲಿಸಿದ.

ಸಾಮಾನ್ಯವಾಗಿ ಆ ಜಾಗದಲ್ಲಿ ನಿಲ್ಲಿಸೋದು ಕಾವಲುಗಾರರನ್ನು. ಎದುರಾಳಿಯ ದಾಳಿಯನ್ನು ಒಡೆಯುವ, ಕಾಲು ಹಾಕುವ ಆಟಗಾರರನ್ನು. ಅಲ್ಲಿ ಒಬ್ಬ ಕಲೆಗಾರನನ್ನು ನಿಲ್ಲಿಸಿದರೆ ಏನಾಗುತ್ತೆ? ಮುಂದೆ ಆಡುವಾಗ ಹತ್ತನೇ ನಂಬರಿನವನಿಗೆ ಚೆಂಡು ಸಿಗೋದು ಗೋಲಿಗೆ ಬೆನ್ನು ಹಾಕಿ ನಿಂತಾಗ, ಸುತ್ತ ಎದುರಾಳಿಗಳ ಗುಂಪು ಇರುವಾಗ. ಹಿಂದೆ ಆಡುವಾಗ ಇಡೀ ಮೈದಾನ ಕಣ್ಣ ಮುಂದೆ ಇರುತ್ತೆ, ಜೊತೆಗೆ ಒಂದೆರಡು ಸೆಕೆಂಡ್ ಹೆಚ್ಚಿನ ಸಮಯವೂ ಸಿಗುತ್ತೆ. ವೇಗ ಇಲ್ಲದ, ಆದರೆ ಕಣ್ಣು ಮತ್ತು ಕಾಲು ಚುರುಕಾಗಿರುವ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

2001ರ ಏಪ್ರಿಲ್ 1ರಂದು ಇದರ ಫಲ ಕಾಣಿಸಿತು. ಪಿರ್ಲೋ ಹಿಂದಿನಿಂದ ಒಂದು ಉದ್ದನೆಯ ಪಾಸ್ ಎತ್ತಿ ಹಾಕಿದ. ಬಾಜ್ಜೋ ಓಡುತ್ತಲೇ ಅದನ್ನು ಮೃದುವಾಗಿ ಹಿಡಿದು, ಗೋಲ್‌ಕೀಪರ್ ವಾನ್ ಡೆರ್ ಸಾರ್‌ನನ್ನು ದಾಟಿಸಿ ಗೋಲು ಹೊಡೆದ. ಅವತ್ತು ಎದುರಾಳಿ ಯಾರು ಗೊತ್ತಾ? ಯುವೆಂಟಸ್. ಹತ್ತು ವರ್ಷ ಆದ ಮೇಲೆ ತಾವೇ ಕರೆದುಕೊಳ್ಳಲಿರುವ ಆಟಗಾರನ ಸ್ಯಾಂಪಲ್ ಅವರಿಗೆ ಅವತ್ತೇ ಸಿಕ್ಕಿತ್ತು.

ಅದೇ ವರ್ಷ ಅವನು ಮಿಲಾನ್‌ಗೆ ಹೋದ. ಅಲ್ಲಿ ಆನ್ಚೆಲೋತ್ತಿ ಈ ಪಾತ್ರವನ್ನು ಅವನಿಗೆ ಖಾಯಂ ಮಾಡಿಕೊಟ್ಟ. ಇಟಾಲಿಯನ್ ಭಾಷೆಯಲ್ಲಿ ಈ ಪಾತ್ರಕ್ಕೆ ಒಂದು ಹೆಸರಿದೆ, ರೆಜಿಸ್ತಾ. ಸಿನಿಮಾ ಡೈರೆಕ್ಟರ್‌ಗೂ ಅವರು ಅದೇ ಪದ ಬಳಸೋದು. ಪೋಸ್ಟರಿನಲ್ಲಿ ಹೀರೋ ಮುಖ ದೊಡ್ಡದಾಗಿರುತ್ತೆ, ಡೈರೆಕ್ಟರ್ ಹೆಸರು ಕೆಳಗೆಲ್ಲೋ ಸಣ್ಣಕ್ಷರದಲ್ಲಿ. ಆದರೆ ಯಾವ ದೃಶ್ಯ ಯಾವಾಗ, ಕ್ಯಾಮೆರಾ ಎಲ್ಲಿ, ಯಾರು ಎಲ್ಲಿಂದ ಬರಬೇಕು, ಎಲ್ಲಾ ತೀರ್ಮಾನ ಅವನದ್ದೇ.

ಪಾಸ್‌ಗಿಂತ ಮುಂಚಿನ ಕೆಲಸ

ಪಿರ್ಲೋನ ಪಾಸಿಂಗ್ ಅಂದ ಕೂಡಲೇ ಎಲ್ಲರೂ ಉದ್ದನೆಯ ಚೆಂಡುಗಳನ್ನು ನೆನಪು ಮಾಡಿಕೊಳ್ತಾರೆ. ಆದರೆ ಅಸಲಿ ಕೆಲಸ ಚೆಂಡು ಕಾಲಿಗೆ ಬರುವ ಮುಂಚೆಯೇ ಮುಗಿದಿರುತ್ತೆ. ಅದನ್ನು ನಾಲ್ಕು ಭಾಗ ಮಾಡಿ ನೋಡೋಣ.

ಮೊದಲನೆಯದು, ನೋಡುವುದು. ಚೆಂಡು ಇನ್ನೂ ಡಿಫೆಂಡರ್ ಹತ್ತಿರ ಇರುವಾಗಲೇ ಅವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ನೋಡಿರುತ್ತಾನೆ. ಯಾರು ಖಾಲಿ ಇದ್ದಾರೆ, ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂಬ ಮ್ಯಾಪ್ ತಲೆಯಲ್ಲಿ ಮೊದಲೇ ಲೋಡ್ ಆಗಿರುತ್ತೆ. ಚೆಂಡು ಬಂದ ಮೇಲೆ ಹುಡುಕೋಕೆ ಶುರು ಮಾಡಿದರೆ ತಡವಾಯಿತು ಅಂತಲೇ ಅರ್ಥ. ಕಂಪ್ಯೂಟರ್ ಸೈನ್ಸ್‌ನವರಿಗೆ ಹೇಳೋದಾದರೆ ಇದು ಕ್ಯಾಶ್ ಮೆಮೊರಿ ಇದ್ದ ಹಾಗೆ. ಬೇಕಾಗುವ ಡೇಟಾವನ್ನು ಮುಂಚೆಯೇ ತಂದು ಹತ್ತಿರ ಇಟ್ಟುಕೊಂಡಿರೋದು.

ಎರಡನೆಯದು, ನಿಲ್ಲುವ ಭಂಗಿ. ಚೆಂಡು ಬರುವಾಗ ಅವನು ಅದಕ್ಕೆ ನೇರ ಎದುರಾಗಿ ನಿಲ್ಲೋದಿಲ್ಲ, ಅರ್ಧ ತಿರುಗಿ ನಿಲ್ಲುತ್ತಾನೆ. ಆಗ ಮೊದಲ ಸ್ಪರ್ಶದಲ್ಲೇ ಮುಂದಕ್ಕೆ ಮುಖ ಮಾಡಬಹುದು. ನೇರವಾಗಿ ನಿಂತು ಚೆಂಡು ಹಿಡಿದವನು ಮೊದಲು ತಿರುಗಬೇಕು, ಆಮೇಲೆ ನೋಡಬೇಕು, ಆಮೇಲೆ ಪಾಸ್ ಕೊಡಬೇಕು. ಅಷ್ಟರಲ್ಲಿ ಎದುರಾಳಿ ಬಂದು ಮೈಮೇಲೆ ಬಿದ್ದಿರುತ್ತಾನೆ.

ಮೂರನೆಯದು, ಸಣ್ಣ ಪಾಸ್‌ಗಳು. ಪಿರ್ಲೋ ಕೊಡುವ ಪಾಸ್‌ಗಳಲ್ಲಿ ಹೆಚ್ಚಿನವು ಐದು, ಹತ್ತು ಮೀಟರಿನವು. ಪಕ್ಕದವನಿಗೆ ಕೊಟ್ಟ, ವಾಪಸ್ ತಗೊಂಡ, ಮತ್ತೆ ಕೊಟ್ಟ. ನೋಡುವವರಿಗೆ ಬೋರ್. ಇದೇನು ಟೈಮ್ ಪಾಸಾ ಅನ್ನಿಸುತ್ತೆ. ಆದರೆ ಪ್ರತಿ ಸಣ್ಣ ಪಾಸ್‌ಗೂ ಎದುರಾಳಿ ಟೀಮ್ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಸರಿಯಲೇಬೇಕು. ಹತ್ತು ಜನ ಒಟ್ಟಿಗೆ ಸರಿಯುವಾಗ ಯಾರೋ ಒಬ್ಬ ಅರ್ಧ ಹೆಜ್ಜೆ ತಡ ಮಾಡ್ತಾನೆ. ಆ ಅರ್ಧ ಹೆಜ್ಜೆಯ ಬಿರುಕಿಗಾಗಿಯೇ ಇವನು ಕಾಯ್ತಾ ಇರೋದು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆ ಮಿಡ್‌ಫೀಲ್ಡರ್‌ಗಳಿಗಾಗಿಯೇ ಹುಟ್ಟಿದ್ದೇನೋ!

ಕಾಯುವುದು ಎಷ್ಟು ದೊಡ್ಡ ಕಲೆ ಅನ್ನೋದಕ್ಕೆ 2006ರ ವಿಶ್ವಕಪ್ ಸೆಮಿಫೈನಲ್ ಸಾಕ್ಷಿ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಜರ್ಮನಿ ವಿರುದ್ಧವೇ ಪಂದ್ಯ, ಎಕ್ಸ್‌ಟ್ರಾ ಟೈಮ್, 119ನೇ ನಿಮಿಷ. ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ ಪಿರ್ಲೋ ಕಾಲಿಗೆ ಚೆಂಡು ಸಿಕ್ಕಿತು. ಬೇರೆ ಯಾರೇ ಆಗಿದ್ದರೂ ಕಣ್ಣು ಮುಚ್ಚಿ ಒದ್ದುಬಿಡ್ತಿದ್ದರು. ಇವನು ಚೆಂಡನ್ನು ನಿಧಾನವಾಗಿ ಬಲಕ್ಕೆ ಎಳೆದುಕೊಂಡು ಹೋದ. ಜರ್ಮನ್ ಡಿಫೆಂಡರ್‌ಗಳು ಅವನ ಕಡೆಗೆ ಬಂದರು. ಬಂದಷ್ಟೂ ಅವರ ಬೆನ್ನ ಹಿಂದೆ ಜಾಗ ಖಾಲಿ ಆಯಿತು. ಆಗ ಆ ಕಡೆ ಮುಖ ಕೂಡ ಮಾಡದೆ ಗ್ರೋಸ್ಸೋಗೆ ಚೆಂಡು ತಳ್ಳಿದ. ಗೋಲು. ಇಟಲಿ ಫೈನಲ್‌ಗೆ ಹೋಗಿ ಕಪ್ಪನ್ನೂ ಗೆದ್ದಿತು.

ನಾಲ್ಕನೆಯದೇ ಎಲ್ಲರಿಗೂ ಗೊತ್ತಿರುವ ಉದ್ದನೆಯ ಪಾಸ್. ಇದಕ್ಕೆ ಸ್ವಲ್ಪ ಫಿಸಿಕ್ಸ್ ಬೇಕು.

ಮೂವತ್ತು ಡಿಗ್ರಿಯ ಲೆಕ್ಕ

ಮೊದಲು ಒಂದು ಸರಳ ಸತ್ಯ. ಚೆನ್ನಾಗಿ ಓಡುವ ಆಟಗಾರ ಸೆಕೆಂಡಿಗೆ ಸುಮಾರು 8 ಮೀಟರ್ ಓಡ್ತಾನೆ ಅಂದುಕೊಳ್ಳಿ. ಗಟ್ಟಿಯಾಗಿ ಕೊಟ್ಟ ಪಾಸ್ ಸೆಕೆಂಡಿಗೆ 15 ಮೀಟರ್ ಹೋಗುತ್ತೆ ಅಂದುಕೊಳ್ಳಿ. ಅಂದರೆ ಚೆಂಡಿನ ವೇಗ ಮನುಷ್ಯನ ವೇಗಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು. ಹಾಗಿರುವಾಗ ಚೆಂಡನ್ನು ಕಾಲಲ್ಲಿ ಹಿಡಿದುಕೊಂಡು ಓಡೋದಕ್ಕಿಂತ ಚೆಂಡನ್ನೇ ಓಡಿಸೋದು ಜಾಣತನ. ಪಿರ್ಲೋಗೆ ವೇಗ ಇಲ್ಲ ಅನ್ನೋದು ಇಲ್ಲಿ ಅಷ್ಟು ಮುಖ್ಯ ಆಗೋದೇ ಇಲ್ಲ. ಅವನ ಚೆಂಡಿಗೆ ವೇಗ ಇದ್ದರೆ ಆಯ್ತಲ್ಲ.

ಈಗ ಡಿಫೆಂಡರ್‌ಗಳ ತಲೆ ಮೇಲಿಂದ 35 ಮೀಟರ್ ದೂರಕ್ಕೆ ಚೆಂಡು ಎತ್ತಿ ಹಾಕಬೇಕು. ಇದು ನಾವು ಪಿಯುಸಿಯಲ್ಲಿ ಮಾಡಿದ ಪ್ರೊಜೆಕ್ಟೈಲ್ ಲೆಕ್ಕ. ಗಾಳಿಯ ತಡೆಯನ್ನು ಬಿಟ್ಟುಬಿಡೋಣ. 45 ಡಿಗ್ರಿ ಕೋನದಲ್ಲಿ ಒದ್ದರೆ ಸೆಕೆಂಡಿಗೆ 18.5 ಮೀಟರ್ ವೇಗ ಸಾಕು, ಅದೇ ಅತಿ ಕಡಿಮೆ ಶ್ರಮದ ದಾರಿ. ಆದರೆ ಚೆಂಡು ಗಾಳಿಯಲ್ಲಿ ಸುಮಾರು 2.7 ಸೆಕೆಂಡ್ ಇರುತ್ತೆ, ಎಂಟು ಮೀಟರಿಗಿಂತ ಮೇಲೆ ಹೋಗಿ ಬರುತ್ತೆ. ಅದೇ 30 ಡಿಗ್ರಿಯಲ್ಲಿ ಒದ್ದರೆ ಸೆಕೆಂಡಿಗೆ 20 ಮೀಟರ್ ಹತ್ತಿರ ವೇಗ ಬೇಕು, ಆದರೆ ಎರಡೇ ಸೆಕೆಂಡಿನಲ್ಲಿ ತಲುಪುತ್ತೆ. ಐದು ಮೀಟರ್ ಎತ್ತರ ಹೋಗುತ್ತೆ, ಡಿಫೆಂಡರ್‌ಗಳ ತಲೆ ದಾಟೋಕೆ ಅಷ್ಟು ಧಾರಾಳ ಸಾಕು.

ವ್ಯತ್ಯಾಸ 0.6 ಸೆಕೆಂಡ್. ಇಷ್ಟೇನಾ ಅನ್ನಬೇಡಿ. ತಿರುಗಿ ಓಡುವ ಡಿಫೆಂಡರ್ ಸೆಕೆಂಡಿಗೆ 7 ಮೀಟರ್ ಓಡಿದರೂ ಅಷ್ಟರಲ್ಲಿ ನಾಲ್ಕು ಮೀಟರ್ ಮುಂದೆ ಬಂದಿರುತ್ತಾನೆ. ಗೋಲಿಗೂ, ಸುಮ್ಮನೆ ಚಪ್ಪಾಳೆ ಹೊಡೆಸಿಕೊಳ್ಳುವ ಪ್ರಯತ್ನಕ್ಕೂ ಇರುವ ದೂರ ಆ ನಾಲ್ಕು ಮೀಟರ್ ಅಷ್ಟೇ.

ಆದರೆ ತಗ್ಗಿನಲ್ಲಿ, ವೇಗವಾಗಿ ಹೋದ ಚೆಂಡಿಗೆ ಇನ್ನೊಂದು ತೊಂದರೆ ಇದೆ. ನೆಲಕ್ಕೆ ಬಿದ್ದ ಮೇಲೆ ಅದು ಜಾರಿಕೊಂಡು ನೇರ ಗೋಲ್‌ಕೀಪರ್ ಕೈಗೆ ಹೋಗಿಬಿಡುತ್ತೆ. ಅದಕ್ಕೇ ಬ್ಯಾಕ್‌ಸ್ಪಿನ್ ಬೇಕು. ಚೆಂಡಿನ ಕೆಳಭಾಗಕ್ಕೆ ಪಾದವನ್ನು ತೂರಿಸಿ ಒದ್ದರೆ ಅದು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತೆ. ಈ ತಿರುಗುವಿಕೆಯಿಂದ ಗಾಳಿಯಲ್ಲಿ ಸ್ವಲ್ಪ ಮೇಲ್ಮುಖ ಬಲ ಸಿಗುತ್ತೆ, ನೆಲಕ್ಕೆ ತಾಗಿದಾಗ ಬ್ರೇಕ್ ಬೀಳುತ್ತೆ. ಓಡಿ ಬರುವ ಸ್ಟ್ರೈಕರ್‌ಗೆ ಚೆಂಡು ಕಾಯ್ತಾ ನಿಂತ ಹಾಗೆ ಕಾಣುತ್ತೆ. ಫಾರ್ಮುಲಾ ನಮಗೆಲ್ಲ ಗೊತ್ತು. ಅದನ್ನು ಪ್ರತಿ ಸಲ ಒಂದೇ ಹದದಲ್ಲಿ ಕಾಲಿನಿಂದ ಬರೆಯೋದಿದೆಯಲ್ಲ, ಅದು ಬೇರೆಯೇ ವಿದ್ಯೆ.

ಮೊದಲ ಪಂದ್ಯ, ಹದಿನೇಳನೇ ನಿಮಿಷ

2011ರ ಸೆಪ್ಟೆಂಬರ್ 11. ಹೊಸ ಸ್ಟೇಡಿಯಂನಲ್ಲಿ ಮೊದಲ ಲೀಗ್ ಪಂದ್ಯ, ಎದುರಾಳಿ ಪಾರ್ಮಾ. ಹದಿನೇಳನೇ ನಿಮಿಷದ ಹೊತ್ತಿಗೆ ಪಿರ್ಲೋ ಪಾರ್ಮಾ ಡಿಫೆನ್ಸಿನ ಮೇಲಿಂದ ಒಂದು ಚೆಂಡು ಎತ್ತಿ ಹಾಕಿದ. ಬಲಗಡೆಯಿಂದ ಓಡಿ ಬಂದವನು ಸ್ಟ್ರೈಕರ್ ಅಲ್ಲ, ರೈಟ್ ಬ್ಯಾಕ್ ಲಿಕ್ಟ್‌ಸ್ಟೈನರ್! ಅವನು ಅದನ್ನು ಗೋಲಿಗೆ ಸೇರಿಸಿದ. ಆಮೇಲೆ ಮಾರ್ಕಿಸಿಯೋ ಹೊಡೆದ ಗೋಲಿಗೂ ಪಿರ್ಲೋನದ್ದೇ ಪಾಸ್. ಪಂದ್ಯ 4-1.

ಆ ಮೊದಲ ಗೋಲಿನಲ್ಲಿ ಇಡೀ ಸೀಸನ್ನಿನ ಗುಟ್ಟು ಇದೆ. ಡಿಫೆಂಡರ್ ಒಬ್ಬ ಎದುರಾಳಿಯ ಗೋಲ್ ಹತ್ತಿರದವರೆಗೆ ಓಡೋದು ಯಾವಾಗ? ಓಡಿದರೆ ಚೆಂಡು ಬಂದೇ ಬರುತ್ತೆ ಅನ್ನೋ ನಂಬಿಕೆ ಇದ್ದಾಗ ಮಾತ್ರ. ನಾವು ಆಡುವಾಗಲೂ ನೋಡಿರ್ತೀರಿ. ಎರಡು ಸಲ ಜೀವ ಬಿಟ್ಟು ಓಡಿ ಚೆಂಡು ಸಿಗದಿದ್ದರೆ ಮೂರನೇ ಸಲ ಯಾರೂ ಓಡಲ್ಲ. ಹಿಂದೆ ನಿಂತವನು ನೋಡ್ತಾನೆ, ನೋಡಿದರೆ ಕೊಡ್ತಾನೆ, ಕೊಟ್ಟರೆ ಕಾಲಿಗೇ ಬೀಳುತ್ತೆ ಅಂತ ಗೊತ್ತಾದರೆ ಟೀಮ್ ಪೂರ್ತಿ ಓಡೋಕೆ ಶುರು ಮಾಡುತ್ತೆ. ಪಿರ್ಲೋ ತಾನು ಜಾಸ್ತಿ ಓಡಲಿಲ್ಲ ನಿಜ, ಆದರೆ ಉಳಿದವರನ್ನು ಓಡಿಸಿದ.

ಇದು ಅಂಕಿಗಳಲ್ಲೂ ಕಾಣುತ್ತೆ. ಆ ಸೀಸನ್ನಿನ ಲೀಗಿನಲ್ಲಿ ಯುವೆಂಟಸ್ 68 ಗೋಲು ಹೊಡೆಯಿತು. ಆದರೆ ಅತಿ ಹೆಚ್ಚು ಗೋಲು ಹೊಡೆದ ಮಾತ್ರಿಯ ಲೆಕ್ಕ ಬರೀ 10. ಮಿಡ್‌ಫೀಲ್ಡರ್ ಮಾರ್ಕಿಸಿಯೋ 9 ಹೊಡೆದ. ಅಂದರೆ ಒಬ್ಬ ದೊಡ್ಡ ಸ್ಟ್ರೈಕರ್ ಮೇಲೆ ನಿಂತ ಟೀಮ್ ಅಲ್ಲ ಇದು, ಎಲ್ಲ ಕಡೆಯಿಂದಲೂ ಗೋಲು ಬರ್ತಾ ಇತ್ತು. ಪಿರ್ಲೋನ ಅಸಿಸ್ಟ್‌ಗಳು 13.

ಡಿಫೆನ್ಸ್ ಹೇಗೆ ಗಟ್ಟಿಯಾಯಿತು?

ಇನ್ನೂ ಆಶ್ಚರ್ಯದ ಅಂಕಿ ಬೇರೆ ಇದೆ. ಹಿಂದಿನ ವರ್ಷ 47 ಗೋಲು ಬಿಟ್ಟುಕೊಟ್ಟ ಟೀಮ್ ಈ ವರ್ಷ ಬಿಟ್ಟುಕೊಟ್ಟದ್ದು 20. ಟ್ಯಾಕಲ್ ಮಾಡದ ಮಿಡ್‌ಫೀಲ್ಡರ್ ಬಂದ ಮೇಲೆ ಡಿಫೆನ್ಸ್ ಸುಧಾರಿಸಿದ್ದು ಹೇಗೆ?

ಒಂದು ಕಾರಣ ಅವನಲ್ಲವೇ ಅಲ್ಲ. ಬಾರ್ಜಾಲಿ, ಬೊನುಚ್ಚಿ, ಕಿಯೆಲ್ಲಿನಿ ಈ ಮೂವರೂ ಒಂದೇ ಗೋಡೆಯಾಗಿ ನಿಂತರು, ಹಿಂದೆ ಬುಫೋನ್ ಇದ್ದ. ಕೊಂತೆ ಎಲ್ಲರನ್ನೂ ಬೆವರು ಸುರಿಯುವ ಹಾಗೆ ಪ್ರೆಸ್ ಮಾಡಿಸಿದ.

ಆದರೆ ಎರಡನೇ ಕಾರಣ ಪಾಸಿಂಗ್. ಚೆಂಡು ನಮ್ಮ ಹತ್ತಿರ ಇರುವವರೆಗೂ ಎದುರಾಳಿ ಗೋಲು ಹೊಡೆಯೋಕೆ ಆಗಲ್ಲ. ಹಿಂದಿನ ವರ್ಷ ಒತ್ತಡ ಬಂದಾಗ ಡಿಫೆಂಡರ್‌ಗಳು ಚೆಂಡನ್ನು ಎಲ್ಲಿಗೋ ಒದ್ದು ಹಾಕಬೇಕಿತ್ತು, ಅದು ಮತ್ತೆ ಎದುರಾಳಿಗೇ ಸಿಕ್ಕಿ ಮತ್ತೆ ದಾಳಿ. ಈಗ ಹತ್ತು ಮೀಟರ್ ಮುಂದೆಯೇ ಚೆಂಡನ್ನು ನಂಬಿ ಕೊಡಬಹುದಾದ ಒಬ್ಬ ಇದ್ದ. ಅಷ್ಟೇ ಅಲ್ಲ, ಎದುರಾಳಿಗಳು ಹೆಚ್ಚು ಜನರನ್ನು ಮುಂದೆ ಕಳಿಸೋಕೆ ಹೆದರಿದರು. ಯಾಕಂದ್ರೆ ಅವರ ಬೆನ್ನ ಹಿಂದೆ ಜಾಗ ಬಿಟ್ಟರೆ ಆ ಮೂವತ್ತು ಡಿಗ್ರಿಯ ಚೆಂಡು ಯಾವಾಗ ಬಂದು ಬೀಳುತ್ತೋ ಗೊತ್ತಿಲ್ಲ. ಹೆದರಿ ಹಿಂದೆ ಸರಿದರೆ ಮಧ್ಯದಲ್ಲಿ ವಿದಾಲ್, ಮಾರ್ಕಿಸಿಯೋಗೆ ಜಾಗ. ಅತ್ತ ದರಿ, ಇತ್ತ ಪುಲಿ.

ವಿದಾಲ್ ಮತ್ತು ಮಾರ್ಕಿಸಿಯೋ ಬಗ್ಗೆ ಹೇಳದಿದ್ದರೆ ಈ ಕಥೆ ಅರ್ಧ. ಕೊಂತೆ ಮೊದಲು ತಂದದ್ದು ಮಧ್ಯದಲ್ಲಿ ಇಬ್ಬರೇ ಇರುವ 4-2-4 ಯೋಚನೆ. ಆದರೆ ಇಬ್ಬರಲ್ಲಿ ಒಬ್ಬ ಪಿರ್ಲೋ ಆದರೆ ಓಡುವ ಕೆಲಸ ಪೂರ್ತಿ ಇನ್ನೊಬ್ಬನ ತಲೆ ಮೇಲೆ. ಹಾಗಾಗಿ ಕೊಂತೆ ತನ್ನ ಯೋಜನೆಯನ್ನೇ ಬದಲಿಸಿದ. ಮಧ್ಯದಲ್ಲಿ ಮೂವರನ್ನು ಇಟ್ಟ. ಪಿರ್ಲೋನ ಎರಡೂ ಪಕ್ಕದಲ್ಲಿ ದಣಿವೇ ಗೊತ್ತಿಲ್ಲದ ಇಬ್ಬರು. ಅವರು ಓಡ್ತಾರೆ, ಕಾಲು ಹಾಕ್ತಾರೆ, ಚೆಂಡು ಕಿತ್ತು ತಂದು ಇವನಿಗೆ ಕೊಡ್ತಾರೆ, ಮತ್ತೆ ಮುಂದೆ ಓಡ್ತಾರೆ. ಸೀಸನ್ ಮಧ್ಯದಲ್ಲಿ ಮೂವರು ಡಿಫೆಂಡರ್‌ಗಳ 3-5-2 ಬಂತು, ಆಗ ಪಿರ್ಲೋಗೆ ಹಿಂದೆಯೂ ಮೂರು ದಾರಿ, ಪಕ್ಕದಲ್ಲೂ ಎರಡು ದಾರಿ ಸಿಕ್ಕವು.

ನಿಧಾನವಾಗಿ ಆಡುವ ಒಬ್ಬನನ್ನು ಟೀಮಿನಲ್ಲಿ ಇಟ್ಟುಕೊಳ್ಳೋದು ಪುಕ್ಕಟೆ ಅಲ್ಲ. ಅವನ ಪಾಲಿನ ಓಟವನ್ನು ಇನ್ನಿಬ್ಬರು ಓಡಬೇಕು. ಬದಲಿಗೆ ಅವನು ಕೊಡುವ ಪಾಸ್‌ನಿಂದ ಆ ಇಬ್ಬರ ಓಟಕ್ಕೂ ಬೆಲೆ ಬರಬೇಕು. ಯುವೆಂಟಸ್‌ನಲ್ಲಿ ಈ ಕೊಡುಕೊಳ್ಳುವಿಕೆ ಸರಿಹೋಯಿತು.

ಅವನನ್ನು ಕಟ್ಟಿಹಾಕಿದರೆ?

ಎಲ್ಲ ಟ್ರಾಫಿಕ್ಕೂ ಒಂದೇ ರೂಟರ್ ಮೂಲಕ ಹೋಗುವ ನೆಟ್‌ವರ್ಕಿನ ತೊಂದರೆ ನಿಮಗೆ ಗೊತ್ತು. ಅದೊಂದು ಕೈಕೊಟ್ಟರೆ ಎಲ್ಲಾ ಬಂದ್. ಎದುರಾಳಿಗಳಿಗೂ ಇದು ಗೊತ್ತಿತ್ತು.

2010ರ ಮಾರ್ಚ್‌ನಲ್ಲಿ, ಪಿರ್ಲೋ ಇನ್ನೂ ಮಿಲಾನ್‌ನಲ್ಲಿದ್ದಾಗ, ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಅಲೆಕ್ಸ್ ಫರ್ಗುಸನ್ ಕೊರಿಯಾದ ಪಾರ್ಕ್ ಜಿ-ಸುಂಗ್‌ಗೆ ಒಂದೇ ಕೆಲಸ ಒಪ್ಪಿಸಿದ. ಪಿರ್ಲೋ ಹೋದಲ್ಲೆಲ್ಲ ನೆರಳಿನ ಹಾಗೆ ಹೋಗು. ಪಾರ್ಕ್ ತೊಂಬತ್ತು ನಿಮಿಷ ಹಾಗೇ ಮಾಡಿದ. ಮಿಲಾನ್ 4-0ರಿಂದ ಸೋತಿತು.

ಯುವೆಂಟಸ್ ಇದಕ್ಕೆ ಕಂಡುಕೊಂಡ ಉತ್ತರ ಬೊನುಚ್ಚಿ. ಅವನು ಡಿಫೆಂಡರ್, ಆದರೆ ಉದ್ದನೆಯ ಪಾಸ್ ಕೊಡುವ ಕಾಲು ಅವನಿಗಿತ್ತು. ಎದುರಾಳಿಯ ಸ್ಟ್ರೈಕರ್ ಬಂದು ಪಿರ್ಲೋನನ್ನು ಕಾಯ್ತಾ ನಿಂತರೆ ಬೊನುಚ್ಚಿಯನ್ನು ಕಾಯೋರು ಯಾರೂ ಇಲ್ಲ. ಆಗ ಅವನೇ ಎರಡನೇ ರೆಜಿಸ್ತಾ. ಪಿರ್ಲೋ ಕೆಲವು ಸಲ ಬೇಕಂತಲೇ ಪಕ್ಕಕ್ಕೆ ನಡೆದು, ತನ್ನನ್ನು ಕಾಯುವವನನ್ನೂ ಜೊತೆಗೆ ಕರೆದುಕೊಂಡು ಹೋಗಿ ಬೊನುಚ್ಚಿಗೆ ದಾರಿ ಬಿಟ್ಟುಕೊಡ್ತಾ ಇದ್ದ. ಚೆಂಡು ಮುಟ್ಟದೆಯೂ ಕೆಲಸ ಮಾಡೋದು ಅಂದರೆ ಇದು.

ಹಾಗಂತ ಎಲ್ಲಾ ಕಡೆ ಇದು ನಡೆಯಲಿಲ್ಲ. 2013ರ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಪಿರ್ಲೋ, ಬೊನುಚ್ಚಿ ಇಬ್ಬರಿಗೂ ಉಸಿರಾಡೋಕೆ ಬಿಡಲಿಲ್ಲ. ಎರಡೂ ಪಂದ್ಯ 2-0. ಹತ್ತೂ ಜನ ಒಟ್ಟಿಗೆ ಬಂದು ಪ್ರೆಸ್ ಮಾಡುವ ಟೀಮಿನ ಎದುರು ಆ ಒಂದೆರಡು ಸೆಕೆಂಡ್‌ಗಳೇ ಸಿಗಲ್ಲ. ಪಿರ್ಲೋನ ಇಡೀ ಆಟ ನಿಂತಿರೋದು ಆ ಸೆಕೆಂಡ್‌ಗಳ ಮೇಲೆಯೇ.

ಮಿಲಾನ್ ದಡ್ಡತನ ಮಾಡಿತಾ?

ಹಿತ್ತಲ ಗಿಡ ಮದ್ದಲ್ಲ ಅಂತ ಮಿಲಾನ್‌ನವರನ್ನು ನಗೋದು ಸುಲಭ. ಆದರೆ ಅವರ ಕಡೆಯಿಂದಲೂ ನೋಡಬೇಕು. ಅವನು ಬಿಡುವ ವರ್ಷ, 2010-11ರಲ್ಲಿ, ಮಿಲಾನ್ ಲೀಗ್ ಗೆದ್ದಿತ್ತು. ಪಿರ್ಲೋ ಗಾಯದಿಂದ ತುಂಬಾ ಪಂದ್ಯ ತಪ್ಪಿಸಿಕೊಂಡಿದ್ದ. ಕೋಚ್ ಅಲ್ಲೆಗ್ರಿ ಡಿಫೆನ್ಸ್ ಮುಂದೆ ವಾನ್ ಬೊಮ್ಮೆಲ್‌ನಂಥ ಗಟ್ಟಿ ಆಟಗಾರನನ್ನು ನಿಲ್ಲಿಸಿ ಗೆದ್ದಿದ್ದ. ಮೂವತ್ತು ದಾಟಿದವರಿಗೆ ಒಂದೇ ವರ್ಷದ ಕಾಂಟ್ರ್ಯಾಕ್ಟ್ ಅನ್ನೋದು ಕ್ಲಬ್ಬಿನ ನಿಯಮ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು.

ಆ ಲೆಕ್ಕದಲ್ಲಿ ಅಳೆದದ್ದು ಅವನ ವಯಸ್ಸನ್ನು, ಓಟವನ್ನು, ಗಾಯವನ್ನು. ಅಳೆಯದೇ ಬಿಟ್ಟದ್ದು ಏನಂದ್ರೆ, ಅವನ ಆಟ ಕಾಲಿನ ವೇಗವನ್ನು ನಂಬಿಕೊಂಡೇ ಇರಲಿಲ್ಲ. ವೇಗದ ಮೇಲೆ ಬದುಕುವ ವಿಂಗರ್‌ಗೆ 32 ಅಂದರೆ ಸಂಜೆ. ನೋಟದ ಮೇಲೆ ಬದುಕುವವನಿಗೆ ಅದು ಮಧ್ಯಾಹ್ನ ಅಷ್ಟೇ. 2011-12ರ ಕೊನೆಗೆ ಯುವೆಂಟಸ್‌ಗೆ 84 ಪಾಯಿಂಟ್, ಎರಡನೇ ಸ್ಥಾನದ ಮಿಲಾನ್‌ಗೆ 80. ಪಿರ್ಲೋ ಅಲ್ಲಿ ಆಡಿದ ನಾಲ್ಕು ಸೀಸನ್‌ಗಳಲ್ಲೂ ಯುವೆಂಟಸ್ಸೇ ಚಾಂಪಿಯನ್. ತಮಾಷೆ ಅಂದ್ರೆ, 2014ರಲ್ಲಿ ಕೊಂತೆ ಹೋದ ಮೇಲೆ ಯುವೆಂಟಸ್ ಕೋಚ್ ಆಗಿ ಬಂದವನು ಅದೇ ಅಲ್ಲೆಗ್ರಿ! ಈ ಸಲ ಅವನು ಪಿರ್ಲೋನನ್ನು ಇಟ್ಟುಕೊಂಡೇ ಲೀಗ್ ಗೆದ್ದ, 2015ರ ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೂ ಹೋದ. ಬರ್ಲಿನ್‌ನಲ್ಲಿ ಬಾರ್ಸಿಲೋನಾ ಎದುರು 3-1ರಿಂದ ಸೋತರು, ಅದು ಪಿರ್ಲೋ ಯುವೆಂಟಸ್ ಪರ ಆಡಿದ ಕೊನೆಯ ಪಂದ್ಯ.

ನೋಡುವುದು ಹೇಗೆ?

ಇನ್ನು ಮುಂದೆ ಪಿರ್ಲೋನ ವಿಡಿಯೋ ನೋಡುವಾಗ ಒಂದು ಗಮನಿಸಿ. ಹೈಲೈಟ್ಸ್ ಯಾವಾಗಲೂ ಶುರುವಾಗೋದು ಪಾಸ್ ಕೊಡುವ ಕ್ಷಣದಿಂದ. ಅದಕ್ಕೆ ಮುಂಚಿನ ಐದು ಸೆಕೆಂಡ್ ಕತ್ತರಿಸಿ ಹೋಗಿರುತ್ತೆ. ಅಸಲಿ ಕೆಲಸ ನಡೆದಿರೋದು ಆ ಐದು ಸೆಕೆಂಡಿನಲ್ಲಿ. ಹಾಗಾಗಿ ಸಾಧ್ಯವಾದರೆ ಪೂರ್ತಿ ಪಂದ್ಯ ಹಾಕಿಕೊಳ್ಳಿ, ಹತ್ತೇ ನಿಮಿಷ ಸಾಕು. ಚೆಂಡನ್ನು ನೋಡಬೇಡಿ, ಅವನೊಬ್ಬನನ್ನೇ ನೋಡಿ. ಎಷ್ಟು ಸಲ ತಲೆ ತಿರುಗಿಸ್ತಾನೆ, ಚೆಂಡು ಬರುವಾಗ ಎತ್ತ ಮುಖ ಮಾಡಿ ನಿಂತಿರ್ತಾನೆ, ಪಾಸ್ ಕೊಟ್ಟ ಮೇಲೆ ಎತ್ತ ನಡೀತಾನೆ ಅಂತ ಎಣಿಸಿ.

ಆಮೇಲೆ ನಮ್ಮ ಗ್ರೌಂಡಿನಲ್ಲೂ ಹಾಗೇ ನೋಡಿ. ಗೋಲು ಹೊಡೆದವನ ಹೆಸರು ಎಲ್ಲರಿಗೂ ನೆನಪಿರುತ್ತೆ. ಆದರೆ ಅವನಿಗೆ ಪಾಸ್ ಕೊಟ್ಟವನ ಹಿಂದೆ ಇನ್ನೊಬ್ಬ ಇರ್ತಾನೆ, ಮಧ್ಯದಲ್ಲಿ ನಿಂತು, ಬೆವರೂ ಅಷ್ಟಾಗಿ ಬರದೆ, ಸುಮ್ಮನೆ ಎಡಕ್ಕೂ ಬಲಕ್ಕೂ ಚೆಂಡು ಹಂಚುತ್ತಾ ಇರುವವನು. ಅವನು ಆಡದ ದಿನ ಟೀಮ್ ಯಾಕೋ ಸರಿಯಾಗಿ ಆಡಲಿಲ್ಲ ಅನ್ನಿಸುತ್ತೆ, ಕಾರಣ ಮಾತ್ರ ಯಾರಿಗೂ ಹೊಳೆಯಲ್ಲ. ಮುಂದಿನ ಸಲ ಟೀಮ್ ಆರಿಸುವಾಗ ಅವನನ್ನು ಕೊನೆಗೆ ಬಿಡಬೇಡಿ. ಪಕ್ಕದಲ್ಲಿ ಚೆನ್ನಾಗಿ ಓಡುವ ಇಬ್ಬರನ್ನು ನಿಲ್ಲಿಸಿ, ಚೆಂಡು ಅವನಿಗೆ ಕೊಡಿ, ನೀವು ಮುಂದಕ್ಕೆ ಓಡಿ.